ಒಂದು ಒಲೆಗೆ ಒಂದು ಗಾಡಿ

"ಒತ್ತಿ ಅಮ್ಮ, ಇನ್ನೊಂದ್ಸಲ ಒತ್ತಿ," ಎಂದ ನಗರಸಭೆಯ ಸರ್ವೆಯವನು.

ಮೊಟ್ಟೆಯಮ್ಮ ಹೆಬ್ಬೆರಳನ್ನು ಬಟ್ಟೆಗೆ ಒರೆಸಿ ಮತ್ತೆ ಒತ್ತಿದಳು. ಅವನ ಕೈಯಲ್ಲಿದ್ದ ಪುಟ್ಟ ಯಂತ್ರ ಮತ್ತೆ ಕೆಂಪು ದೀಪ ತೋರಿಸಿತು. ಎಡಗೈ ಹೆಬ್ಬೆರಳಿಗೂ ಅದೇ ಕೆಂಪು.

"ನಿಮ್ಮ ಬೆರಳಲ್ಲಿ ಗೆರೆನೇ ಇಲ್ವಲ್ಲಮ್ಮ."

"ಕಾವಲಿಗೆ ಅಂಟ್ಕೊಂಡಿರ್ಬೇಕು. ಕೆರೆದು ತಗೊಳಪ್ಪ."

ಪಕ್ಕದ ಗಾಡಿಯ ಹಣ್ಣಿನವನು ಕಿಸಕ್ಕನೆ ನಕ್ಕ. ಅವಳು ಹೇಳಿದ್ದು ತಮಾಷೆಗಾದರೂ ಸುಳ್ಳಲ್ಲ. ಬಸ್ ನಿಲ್ದಾಣದ ಗೇಟಿನೆದುರು ಆಮ್ಲೆಟ್ ಗಾಡಿ ನಿಲ್ಲಿಸಲು ಶುರುಮಾಡಿದಾಗ ಆ ಗೇಟೇ ಇನ್ನೂ ಕಟ್ಟಿರಲಿಲ್ಲ. ಅಂದಿನಿಂದಲೂ ಬಿಸಿ ಕಾವಲಿಯ ಮೇಲಿನ ಆಮ್ಲೆಟ್ಟನ್ನು ಬೆರಳ ತುದಿಯಲ್ಲೇ ಎತ್ತಿ ಮಡಚುವವಳು. ಸಟ್ಟುಗ ತಾಗಿಸಿದರೆ ಆಮ್ಲೆಟ್ ಮುನಿಸಿಕೊಳ್ಳುತ್ತದೆ ಎನ್ನುತ್ತಿದ್ದಳು.

"ಹಾಗಾದ್ರೆ ಒಂದಿನ ಕಚೇರಿಗೆ ಬನ್ನಿ. ಇಲ್ಲಾ ಅಂದ್ರೆ ಮನೇವರು ಬೇರೆ ಯಾರಾದ್ರೂ ಇದ್ರೆ ಅವರ ಹೆಸರಲ್ಲಿ ಈಗಲೇ ಗಾಡಿ ಕಾರ್ಡು ಮಾಡ್ಕೊಡ್ತೀನಿ."

ಕಾವಲಿಯ ಮೇಲೆ ಮೂರು ಮೊಟ್ಟೆಗಳ ಅಂಚು ಕಪ್ಪಾಗತೊಡಗಿತ್ತು. ಒಬ್ಬ ಕಂಡಕ್ಟರ್ ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ನಂದಾಯ್ತಾ? ಗಾಡಿ ಬಿಡ್ಬೇಕು," ಎಂದು ಕೂಗುತ್ತಿದ್ದ. ಹಿಂದೆ ಈರುಳ್ಳಿ ಹೆಚ್ಚುತ್ತಿದ್ದ ಸೊಸೆಯ ಕಡೆಗೆ ಮೊಟ್ಟೆಯಮ್ಮ ತಿರುಗಿದಳು.

"ಲೇ, ಬಾ ಇಲ್ಲಿ. ಬೆರಳು ಒತ್ತು."

"ನಂದ್ಯಾಕೆ ಅತ್ತೆ?"

"ಒತ್ತು ಅಂದ್ರೆ ಒತ್ತು. ಯಾರ ಬೆರಳಾದ್ರೇನು, ಗಾಡಿ ನಂದೇ ತಾನೆ? ಇಲ್ಲಿ ಮೊಟ್ಟೆ ಸೀದು ಹೋಗ್ತಿದೆ."

ಸೊಸೆ ಒತ್ತಿದಳು. ಹಸಿರು ದೀಪ ಬಂತು. ಸರ್ವೆಯವನು ಅವಳ ಫೋಟೋ ಹೊಡೆದುಕೊಂಡು ಹಣ್ಣಿನವನ ಬಳಿಗೆ ಹೋದ. ಮೂರು ಮೊಟ್ಟೆ ಉಳಿದವು. ಹೋದದ್ದು ಗಾಡಿ.

ಅದು ತಿಳಿದದ್ದು ಕಾರ್ಡು ಮನೆಗೆ ಬಂದಾಗ. ಕೊರಳಿಗೆ ಹಾಕಿಕೊಳ್ಳುವ ನೀಲಿ ಪಟ್ಟಿ, ಪ್ಲಾಸ್ಟಿಕ್ಕಿನೊಳಗೆ ಬೆವರಿದ ಸೊಸೆಯ ಮುಖ. ಮಗ ಡಿಪೋದಲ್ಲಿ ಬಸ್ಸು ತೊಳೆಯುವವನು. ಊಟಕ್ಕೆ ಕೂತವನು ಎಡಗೈಯಲ್ಲಿ ಕಾರ್ಡು ಹಿಡಿದು ಹಿಂಬದಿಯ ನಿಯಮಗಳನ್ನು ಜೋರಾಗಿ ಓದಿದ. ಗಾಡಿ ಬಿಳಿ ಚೌಕದ ಒಳಗೇ ಇರಬೇಕು. ಚಕ್ರ ತೆಗೆದು ಕಲ್ಲಿನ ಮೇಲೆ ಕೂರಿಸುವಂತಿಲ್ಲ. ತಲೆಗೆ ಟೋಪಿ, ಮುಂದೆ ಏಪ್ರನ್.

"ಕಾರ್ಡಲ್ಲಿ ಇರೋರೇ ಗಾಡಿ ಹಿಂದೆ ನಿಂತಿರ್ಬೇಕಂತೆ. ಯಾವಾಗ ಬೇಕಾದ್ರೂ ತಪಾಸಣೆಗೆ ಬರ್ತಾರಂತೆ. ಮೂರು ಸಲ ಸಿಗ್ದೆ ಹೋದ್ರೆ ಜಾಗ ಬೇರೆಯವರಿಗೆ."

"ನಾನು ನಿಂತ್ರೆ?" ಎಂದಳು ಮೊಟ್ಟೆಯಮ್ಮ.

"ಇದ್ರಲ್ಲಿ ನಿನ್ನ ಮುಖ ಇಲ್ವಲ್ಲಮ್ಮ."

"ಅವಳ ಮುಖ ಇದೆಯಲ್ಲ. ಕಾವಲಿ ಮೇಲೆ ಮುಖ ಇಟ್ಟು ಆಮ್ಲೆಟ್ ಮಾಡ್ತಾಳಾ?"

ಮೊಟ್ಟೆಯಮ್ಮನ ಗಂಡ ಇಡೀ ಆಯಸ್ಸು ಗೋದಾಮಿನ ಕಾವಲು ಕಾದು ನಿವೃತ್ತನಾದವನು. ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಒಳ್ಳೇದಾಯ್ತು ಬಿಡು. ಇನ್ನಾದ್ರೂ ಮನೇಲಿ ಕಾಲು ಚಾಚಿ ಕೂತ್ಕೊ."

"ನೀವು ಚಾಚಿರೋದು ಸಾಲ್ದಾ? ಈ ಮನೇಲಿ ಇನ್ನೆರಡು ಕಾಲಿಗೆ ಜಾಗ ಎಲ್ಲಿದೆ?"

ಸೊಸೆ ಕಾರ್ಡನ್ನು ತೆಗೆದುಕೊಂಡು, ಎಣ್ಣೆ ತಾಗದ ಹಾಗೆ ಮೊಳೆಗೆ ತೂಗುಹಾಕಿದಳು. ಅದನ್ನು ತೂಗುಹಾಕಿದ ರೀತಿಯೇ ಅತ್ತೆಗೆ ಹಿಡಿಸಲಿಲ್ಲ.

ಮನೆ ಬುಡಮೇಲಾಯಿತು. ಸೊಸೆ ಬೆಳಗ್ಗೆ ಗಾಡಿ ತಳ್ಳಿಕೊಂಡು ಹೊರಟರೆ, ಅತ್ತೆ ಪಾತ್ರೆ, ಬಟ್ಟೆ, ಅಡುಗೆ. ಎಂಟು ವರ್ಷದ ಮೊಮ್ಮಗಳು ಪುಟ್ಟಿಯನ್ನು ಶಾಲೆಗೆ ಬಿಟ್ಟು ಕರೆತರುವುದೂ ಅತ್ತೆಯದೇ. ಮನೆಯ ಅಡುಗೆ ಅವಳಿಗೆ ಮರೆತೇ ಹೋಗಿತ್ತು. ಬೀದಿಯಲ್ಲಿ ನಿಂತು ತಿನ್ನುವವರ ನಾಲಿಗೆಗೆ ಹಾಕುವ ಉಪ್ಪನ್ನೇ ಇಲ್ಲಿಗೂ ಹಾಕುತ್ತಿದ್ದಳು. ಗಂಡ ಒಂದು ತುತ್ತಿಗೆ ಒಂದು ಲೋಟ ನೀರು ಕುಡಿಯುತ್ತಿದ್ದ.

ಸಂಜೆ ಗಾಡಿ ಬಾಗಿಲಿಗೆ ಬಂದೊಡನೆ ಅವಳು ಹೋಗಿ ಟ್ರೇ ಎತ್ತಿ ನೋಡುತ್ತಿದ್ದಳು.

"ಇಷ್ಟೇನಾ ಮೊಟ್ಟೆ ಉಳಿದಿರೋದು?"

"ಹೂಂ ಅತ್ತೆ."

"ಒಡೆದು ಹೋದ್ವಾ?"

"ಮಾರಿ ಹೋದ್ವು."

ಹೀಗೆ ಎರಡು ದಿನ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು, ನೋಡುವುದನ್ನು ಬಿಡಲಿಲ್ಲ. ಟ್ರೇ ಖಾಲಿಯಾಗಿ ಬಂದ ದಿನ ಅವಳಿಗೆ ಊಟ ಸೇರುತ್ತಿರಲಿಲ್ಲ. ವ್ಯಾಪಾರ ಆದರೆ ಮನೆಗೇ ಬರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಹೊಟ್ಟೆ ಉರಿಯುವುದು ನಿಲ್ಲುತ್ತಿರಲಿಲ್ಲ.

ತರಕಾರಿ ತರುವ ನೆವದಲ್ಲಿ ಒಮ್ಮೆ ನಿಲ್ದಾಣದ ಕಡೆ ಸುತ್ತುಹಾಕಿ ಬಂದಳು. ಸೊಸೆ ಬಿಳಿ ಟೋಪಿ ಹಾಕಿಕೊಂಡು ಸಟ್ಟುಗದಲ್ಲಿ ಆಮ್ಲೆಟ್ ಮಗುಚುತ್ತಿದ್ದಳು. ಕಾಳುಮೆಣಸಿನ ಪುಡಿಗೆ ಗಾಜಿನ ಬಾಟಲಿ ಬಂದಿತ್ತು. ಹಳೆಯ ಕಂಡಕ್ಟರ್ ತಟ್ಟೆ ಹಿಡಿದು ನಿಂತಿದ್ದ. ಮೊಟ್ಟೆಯಮ್ಮ ಅವನನ್ನು ಹಣ್ಣಿನ ಗಾಡಿಯ ಮರೆಗೆ ಕರೆದಳು.

"ಹೇಗಿದೆ?"

"ಚೆನ್ನಾಗಿದೆ ಮೊಟ್ಟೆಯಮ್ಮ. ನಿಮ್ಮದಕ್ಕಿಂತ ಉಪ್ಪು ಕಮ್ಮಿ. ಡಾಕ್ಟ್ರೂ ಅದನ್ನೇ ಹೇಳಿದ್ರು."

"ಡಾಕ್ಟ್ರ ಹತ್ರಾನೇ ಆಮ್ಲೆಟ್ ಹಾಕಿಸ್ಕೊಂಡು ತಿನ್ನು ಹಾಗಾದ್ರೆ."

ಹಣ್ಣಿನವನು ತಕ್ಕಡಿ ಒರೆಸುತ್ತ, "ಯಾಕಮ್ಮ ಉರ್ಕೋತೀಯ? ನಿನ್ನ ಸೊಸೆ ತಾನೆ, ಸವತಿ ಏನಲ್ವಲ್ಲ," ಎಂದ.

"ಸವತಿ ಆಗಿದ್ರೆ ಗಂಡನ್ನ ಕೊಟ್ಟು ಗಾಡಿ ಇಟ್ಕೋತಿದ್ದೆ."

ಇದಾಗಿ ವಾರ ಕಳೆದಿರಬೇಕು. ಮಧ್ಯಾಹ್ನ ಬಟ್ಟೆ ಹಿಂಡುತ್ತಿದ್ದಾಗ ನಿಲ್ದಾಣದ ಟಿಕೆಟ್ ಕೌಂಟರಿನ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ಹೊಸದಾಗಿ ಬಂದವಳು, ಪರಿಚಯವಿಲ್ಲ.

"ಮೊಟ್ಟೆಯಮ್ಮನ ಮನೆ ಇದೇನಾ?"

"ನಾನೇ. ಏನು?"

"ನೀವಲ್ಲ. ಗಾಡೀಲಿ ನಿಲ್ತಾರಲ್ಲ, ಅವ್ರು. ಇವತ್ತು ಬೇಗ ಖಾಲಿ ಆಯ್ತು ಅಂತ ಮೊಟ್ಟೆ ತರೋಕೆ ಹೋದ್ರಂತೆ. ನಾಳೆ ನಮ್ಮ ಆಫೀಸಲ್ಲಿ ಮೀಟಿಂಗು. ಬೆಳಗ್ಗೆ ಒಂಬತ್ತಕ್ಕೆ ನಲವತ್ತು ಆಮ್ಲೆಟ್ಟು, ಬ್ರೆಡ್ಡು ಬೇಕಿತ್ತು. ಹೇಳ್ತೀರಾ?"

ಮೊಟ್ಟೆಯಮ್ಮ ಒದ್ದೆ ಬಟ್ಟೆಯನ್ನು ಇನ್ನೊಮ್ಮೆ ಹಿಂಡಿದಳು. "ಹೇಳ್ತೀನಿ," ಎಂದಳು. ಹೇಳಲಿಲ್ಲ.

ಮರುದಿನ ಸೊಸೆ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು.

"ನಿನ್ನೆ ಯಾರೋ ಆರ್ಡರ್ ಕೊಟ್ಟು ಹೋಗಿದ್ರಂತೆ?"

"ಮೊಟ್ಟೆಯಮ್ಮನ್ನ ಹುಡುಕ್ಕೊಂಡು ಬಂದಿದ್ಲು ಒಬ್ಬಳು. ನೀನು ಮೊಟ್ಟೆಯಮ್ಮನಾ?"

"ಎಲ್ಲರೆದುರಿಗೆ ನನ್ನನ್ನ ಬೈದು ಹೋದ್ಲು ಅತ್ತೆ. ನಲವತ್ತು ಜನ ಉಪವಾಸ ಕೂತಿದ್ರಂತೆ."

"ನನ್ನ ಹೆಸರು ಬೇಕು, ನನ್ನ ಹೆಸರಿಗೆ ಬಂದ ಬೈಗುಳ ಬೇಡ್ವಾ?"

ಸೊಸೆ ಟೋಪಿ ಕಿತ್ತು ಮೂಲೆಗೆ ಎಸೆದಳು. "ನಿಮ್ಮ ಹೆಸರು ಯಾರಿಗೆ ಬೇಕು? ಬೆಳಗ್ಗೆಯಿಂದ ನಿಂತು ನಿಂತು ಕಾಲು ಬಾತ್ಕೊಳುತ್ತೆ. ಬಂದವರೆಲ್ಲ ಮೊದಲು ಕೇಳೋದೇ 'ಅಮ್ಮ ಎಲ್ಲಿ' ಅಂತ. ತಿಂದು, ಕೈ ತೊಳ್ಕೊಂಡು, 'ಅಮ್ಮನ ಕೈ ರುಚಿ ಬರಲ್ಲ ಬಿಡು' ಅಂತಾರೆ. ಅಲ್ಲಿ ನಾನು ಯಾರೂ ಅಲ್ಲ, ಇಲ್ಲಿ ಕಳ್ಳಿ."

ಅಮ್ಮನ ಕೈ ರುಚಿ ಎಂದದ್ದು ಮಾತ್ರ ಅತ್ತೆಯ ಕಿವಿಗೆ ಬಿತ್ತು. "ಯಾರು ಹಾಗಂದದ್ದು? ಡ್ರೈವರಾ?" ಎಂದು ಕೇಳಿದಳು.

ಸೊಸೆ ಕಾಲು ತೊಳೆಯಲು ಹೋದಳು. ಮಗ ಗೋಡೆಗೆ ಒರಗಿ ಕಾಲುಂಗುಟದ ಉಗುರು ಕತ್ತರಿಸಿಕೊಳ್ಳುತ್ತಿದ್ದ. ಹೆಂಡತಿ ಅವನ ಕಡೆ ನೋಡಿದಳು, ತಾಯಿ ಅವನ ಕಡೆ ನೋಡಿದಳು. ಅವನು ಇನ್ನೊಂದು ಕಾಲು ತೆಗೆದುಕೊಂಡ.

ಆದರೆ ಕೈ ರುಚಿಯ ಆ ಮಾತು ಅತ್ತೆಯ ತಲೆಯಲ್ಲಿ ಕೂತುಬಿಟ್ಟಿತು. ಜನ ತನ್ನನ್ನೇ ಕೇಳುತ್ತಿದ್ದಾರೆ. ಒಂದು ಗಂಟೆ ನಿಂತು ಮುಖ ತೋರಿಸಿದರೆ ಸಾಕು, ಎಲ್ಲ ಸರಿಹೋಗುತ್ತದೆ. ಸೊಸೆಯನ್ನು ಕೇಳಿದರೆ ಅವಳು ನಿಯಮ ಒಪ್ಪಿಸುತ್ತಾಳೆ. ಕೇಳದೆ ಹೇಗೆ ಕಳಿಸುವುದು?

ಮಧ್ಯಾಹ್ನದ ಬಸ್ಸುಗಳೆಲ್ಲ ಬಂದು ನಿಲ್ಲುವ ಹೊತ್ತಿಗೆ ಸರಿಯಾಗಿ ಅವಳು ಏದುಸಿರು ಬಿಡುತ್ತ ಗಾಡಿಯ ಬಳಿ ಹೋದಳು.

"ಪುಟ್ಟಿಗೆ ಜ್ವರ ಅಂತೆ. ಶಾಲೆಯಿಂದ ಹೇಳಿ ಕಳಿಸಿದ್ರು. ತಾಯಿನೇ ಬರ್ಬೇಕಂತೆ."

ಸೊಸೆ ಸಟ್ಟುಗವನ್ನು ಕಾವಲಿಯ ಮೇಲೇ ಬಿಟ್ಟು ಓಡಿದಳು. ಕಾರ್ಡು ಕೊರಳಲ್ಲೇ ಹೋಯಿತು.

ಮೊಟ್ಟೆಯಮ್ಮ ಸಟ್ಟುಗವನ್ನು ತೆಗೆದು ಕೆಳಗಿನ ಡಬ್ಬಿಗೆ ಹಾಕಿದಳು. ಎರಡು ಮೊಟ್ಟೆಗಳನ್ನು ಒಂದೇ ಕೈಯಲ್ಲಿ ಒಡೆದಳು. "ಬಂದ್ರಾ ಅಮ್ಮ!" ಎಂದು ಒಬ್ಬ ಡ್ರೈವರ್ ಕೂಗಿದ. "ಎಲ್ಲಿಗೆ ಹೋಗ್ತೀನಿ? ಇನ್ನೂ ಬದುಕಿದೀನಿ," ಎಂದಳು. ಆರು ತಟ್ಟೆ ಹೋದವು. ಏಳನೆಯದನ್ನು ಬೆರಳಲ್ಲಿ ಮಡಚುತ್ತಿದ್ದಾಗ ಎದುರಿಗೆ ಆ ಪುಟ್ಟ ಯಂತ್ರ ಹಿಡಿದ ಕೈ ಬಂತು.

"ಕಾರ್ಡಿನವರು ಎಲ್ಲಿ?"

"ಈಗ ಹೋದ್ಲು, ಬರ್ತಾಳೆ. ಮಗೂಗೆ ಹುಷಾರಿಲ್ಲ."

"ಎಲ್ಲ ಗಾಡಿಯ ಮಕ್ಕಳಿಗೂ ನಾನು ಬಂದಾಗಲೇ ಜ್ವರ ಬರುತ್ತೆ," ಎಂದ ತಪಾಸಣೆಯವನು. "ಒಂದನೇ ಗೈರುಹಾಜರಿ ಬರ್ಕೊಂಡಿದೀನಿ. ಕಾವಲಿ ಇಳಿಸಿ."

ಸಂಜೆ ಮನೆಯಲ್ಲಿ ಗಲಾಟೆ ಮಾಡಿದ್ದು ಮಗ. "ಜಾಗ ಹೋದ್ರೆ ಏನು ತಿಂತೀವಿ ಅಮ್ಮ? ನಾನು ಬಸ್ ತೊಳೆದ ನೀರು ಕುಡಿಯೋಣ್ವಾ?" ಎಂದು ಕೂಗಾಡಿದ. ತಾಯಿ ಅವನಿಗೆ ಎದುರು ಕೂಗಿದಳು. ಗಂಡ ಇಬ್ಬರಿಗೂ ಸುಮ್ಮನಿರಿ ಎಂದು ಕೂಗಿದ. ಸೊಸೆ ಮಾತ್ರ ಪುಟ್ಟಿಯ ಜಡೆ ಬಿಚ್ಚಿ ಬಾಚುತ್ತ ಕೂತಿದ್ದಳು. ಶಾಲೆಯವರೆಗೂ ಬರಿಗಾಲಲ್ಲಿ ಓಡಿದ್ದಳಂತೆ. ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಿಲ್ಲ. ತರಗತಿಯ ಕಿಟಕಿಯಲ್ಲಿ ನೋಡಿದರೆ ಮಗು ಪಾಠ ಓದುತ್ತಿತ್ತಂತೆ.

"ನನ್ನನ್ನ ಬೈದಿದ್ರೆ, ಹೊಡೆದಿದ್ರೆ ನುಂಗ್ಕೋತಿದ್ದೆ ಅತ್ತೆ," ಎಂದಳು ಕೊನೆಗೆ, ಬಾಚಣಿಗೆಯಿಂದ ಕಣ್ಣು ತೆಗೆಯದೆ. "ಮಗೂನ ಹೆಸರು ಹೇಳಿ ಓಡಿಸಿದ್ರಿ."

"ನಿಜವಾಗ್ಲೂ ಜ್ವರ ಬಂದಿಲ್ವಲ್ಲ. ಖುಷಿಪಡು."

ಸೊಸೆ ತಲೆ ಎತ್ತಿ ಒಮ್ಮೆ ನೋಡಿದಳು. ಮತ್ತೆ ಬಾಚತೊಡಗಿದಳು.

ಮೊಟ್ಟೆಯಮ್ಮ ಆ ವಾರವೇ ನಗರಸಭೆ ಕಚೇರಿಗೆ ಹೋದಳು. ಮರದ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತಳು. ಗುಮಾಸ್ತ ಅವಳ ಬೆರಳನ್ನು ತಿರುಗಿಸಿ ನೋಡಿ, "ಗೆರೆ ಬರ್ದೇ ಇದ್ರೆ ಕಣ್ಣು ತೋರಿಸಿದ್ರಾಯ್ತು. ಇಲ್ಲಿ ಅದಕ್ಕೆ ಬೇರೆ ಯಂತ್ರ ಇದೆ. ಅವತ್ತೇ ಬಂದಿದ್ರೆ ನಿಮ್ಮ ಹೆಸರಲ್ಲೇ ಆಗ್ತಿತ್ತು," ಎಂದ.

"ಈಗ ಮಾಡಿ."

"ಆಗಲ್ಲ. ಆ ಗಾಡಿಗೆ ಆಗಲೇ ಕಾರ್ಡು ಕೊಟ್ಟಾಗಿದೆ. ಬೇಕಾದ್ರೆ ನಿಮ್ಮ ಸೊಸೆ ಸಹಿ ಹಾಕಿದ್ರೆ ನಿಮಗೆ ಸಹಾಯಕಿ ಕಾರ್ಡು ಕೊಡಬಹುದು."

"ಯಾರಿಗೆ ಸಹಾಯಕಿ?"

"ಅವರಿಗೆ."

ಮೊಟ್ಟೆಯಮ್ಮ ನಕ್ಕಳು. ಅದು ನಗುವಿನ ಹಾಗೆ ಕೇಳಿಸಲಿಲ್ಲ. "ನಾನು ಸಾಕಿದ ಗಾಡಿಗೆ ನಾನು ಆಳಾ? ಬೇರೆ ದಾರಿ ಹೇಳಪ್ಪ. ಗೇಟಿನ ಆಚೆ ಬದಿ ಹೊಸ ಚೌಕ ಬಳಿದಿದೀರಲ್ಲ, ಅದ್ರಲ್ಲಿ ಒಂದು ಕೊಡು."

"ಒಂದು ಒಲೆಗೆ ಒಂದು ಗಾಡಿ. ಒಂದೇ ಮನೆಗೆ ಎರಡು ಕೊಡೋ ಹಾಗಿಲ್ಲ."

"ಒಲೆ ಎರಡಿದ್ರೆ?"

ಗುಮಾಸ್ತ ಪೆನ್ನಿನ ಮುಚ್ಚಳ ಹಾಕಿದ. "ನಿಜವಾಗ್ಲೂ ಬೇರೆ ಅಡುಗೆ, ಬೇರೆ ಊಟ ಆಗಿದ್ರೆ ಅದು ಬೇರೆ ಮನೆ ಅಂತಲೇ ಲೆಕ್ಕ. ಆದ್ರೆ ತನಿಖೆಗೆ ಬರ್ತಾರೆ. ಹೇಳಿ ಬರಲ್ಲ."

ಮನೆಗೆ ಬಂದವಳೇ ಎಲ್ಲರನ್ನೂ ಕೂರಿಸಿಕೊಂಡು ವಿಷಯ ಹೇಳಿದಳು. ಅವಳ ಮುಖದಲ್ಲಿ ಬಹಳ ದಿನದ ಮೇಲೆ ಕಳೆ ಬಂದಿತ್ತು.

"ನಾಲ್ಕು ದಿನದ ನಾಟಕ ಅಷ್ಟೇ. ಮುಂದಿನ ಕೋಣೇಲಿ ನಾನು, ನಿಮ್ಮಪ್ಪ. ಒಳಗೆ ನೀವು. ನಡುವೆ ಒಂದು ಪರದೆ. ಕಾರ್ಡು ಕೈಗೆ ಬಂದ ದಿನ ಒಲೆ ತೆಗೆದ್ರಾಯ್ತು."

"ಬೇಡಮ್ಮ," ಎಂದ ಮಗ. "ಆಟಕ್ಕೂ ಮನೆ ಒಡೀಬಾರ್ದು."

"ಮನೆ ಎಲ್ಲೋ ಒಡೀತೀನಿ? ಒಲೆ ಇಡ್ತೀನಿ ಅಂದೆ."

ಗಂಡ ಗಾಬರಿಯಾದ. "ಲೇ, ನನ್ನನ್ನ ಒಳಗಿನ ಮನೆಗೆ ಬರೆಸು. ನಿನ್ನ ಅಡುಗೆ ತಿಂದು ತನಿಖೆ ಬರೋ ತನಕ ನಾನು ಉಳಿಯಲ್ಲ."

ಪುಟ್ಟಿ ನಕ್ಕಳು. ಸೊಸೆ ನಗಲಿಲ್ಲ. "ಮಾಡ್ಲಿ ಬಿಡಿ," ಎಂದಳು ಗಂಡನಿಗೆ. "ಪರದೆ ನಾನೇ ಹೊಲ್ಕೊಡ್ತೀನಿ."

ಹಳೆಯ ಎರಡು ಹೊದಿಕೆಗಳನ್ನು ಜೋಡಿಸಿ ಅವಳು ಒಂದೇ ಮಧ್ಯಾಹ್ನದಲ್ಲಿ ಹೊಲಿದಳು. ಹೊಲಿಗೆ ಹತ್ತಿರ ಹತ್ತಿರ, ಗಟ್ಟಿಯಾಗಿತ್ತು. ನಾಲ್ಕು ದಿನಕ್ಕೆ ಅಷ್ಟು ಗಟ್ಟಿ ಹೊಲಿಗೆ ಯಾಕೆ ಎಂದು ಯಾರೂ ಕೇಳಲಿಲ್ಲ. ಪಾತ್ರೆ ಹಂಚಿಕೆಯನ್ನೂ ಅವಳೇ ಮಾಡಿದಳು. ದೊಡ್ಡ ಕೊಡ, ಒಳ್ಳೆಯ ಚಾಕು, ಹೊಸ ಸ್ಟವ್ ಅತ್ತೆಗೆ. ಒಂದರ ಮೇಲೂ ವಾದ ಮಾಡಲಿಲ್ಲ. ಜಗಳಕ್ಕೆ ಸಿದ್ಧಳಾಗಿ ಕೂತಿದ್ದ ಮೊಟ್ಟೆಯಮ್ಮನಿಗೆ ಸಪ್ಪೆಯಾಯಿತು.

ನಾಲ್ಕು ದಿನ ಕಳೆಯಿತು. ತನಿಖೆಯವರು ಬರಲಿಲ್ಲ. ಎರಡು ವಾರ ಕಳೆಯಿತು. ಹೇಳದೆ ಬರುವವರಾದ್ದರಿಂದ ಒಂದು ಹೊತ್ತೂ ನಾಟಕ ಬಿಡುವ ಹಾಗಿರಲಿಲ್ಲ.

ಪರದೆಯ ಆಚೆ ಈರುಳ್ಳಿ ಹುರಿಯುವ ವಾಸನೆ ಬರುತ್ತಿತ್ತು. ಮಗ ಏನೋ ಹೇಳುತ್ತಿದ್ದ, ಪುಟ್ಟಿ ಬಿದ್ದು ಬಿದ್ದು ನಗುತ್ತಿದ್ದಳು. ಈಚೆ ಗಂಡ ತಟ್ಟೆಯಲ್ಲಿ ಬೆರಳಾಡಿಸುತ್ತ ಮೂಗನ್ನು ಆ ಕಡೆಗೆ ತಿರುಗಿಸಿ ಕೂರುತ್ತಿದ್ದ.

"ಏನು ನೋಡ್ತಿದೀರಿ?"

"ನೋಡ್ತಿಲ್ಲ. ಮೂಸ್ತಿದೀನಿ. ಅದಕ್ಕೂ ಲೈಸೆನ್ಸ್ ಬೇಕಾ?"

"ಅಷ್ಟು ರುಚಿಯಾಗಿದ್ರೆ ಹೋಗಿ."

"ಹೋದ್ರೆ ನಿನ್ನ ಗಾಡಿ ಹೋಗುತ್ತೆ ಅಂತೀಯ. ಇದ್ರೆ ನನ್ನ ಹೊಟ್ಟೆ ಹೋಗುತ್ತೆ."

ಒಂದು ದಿನ ಅವಳಿಗೆ ಉಪ್ಪು ಮುಗಿಯಿತು. ಪರದೆಯ ಬಳಿ ನಿಂತು, "ಒಂದು ಹಿಡಿ ಉಪ್ಪು ಕೊಡೇ," ಎಂದಳು. ಒಳಗಿನಿಂದ ಸೊಸೆ, "ಯಾರಾದ್ರೂ ಬಂದ್ರೆ ಕಷ್ಟ ಅತ್ತೆ. ಅಂಗಡೀಲಿ ತಗೊಳ್ಳಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಕೌಂಟರಿನಲ್ಲಿ ಚಿಲ್ಲರೆ ಇಲ್ಲ ಎನ್ನುವವರ ದನಿ.

ಆ ದಿನ ಮೊಟ್ಟೆಯಮ್ಮ ಗಂಡನಿಗೆ ಹೇಳಿದಳು: "ಕಾರ್ಡು ಬರ್ಲಿ. ಎದುರುಗಡೆನೇ ನಿಂತು ತೋರಿಸ್ತೀನಿ. ಅವಳ ಹತ್ರ ಒಂದು ನಾಯಿನೂ ಉಳಿಯಲ್ಲ."

"ಅವಳ ಹತ್ರ ನಿನ್ನ ಮಗ ಇದಾನೆ," ಎಂದ ಗಂಡ.

ತನಿಖೆಗೆ ಬಂದವಳು ಒಬ್ಬ ದಪ್ಪನೆಯ ಮೇಡಂ. ಭಾನುವಾರ ಬೆಳಗ್ಗೆ ಬಂದಳು. ಎಲ್ಲರೂ ಮನೆಯಲ್ಲಿದ್ದರು. ಮೊಟ್ಟೆಯಮ್ಮ ಉತ್ತರಗಳನ್ನೆಲ್ಲ ಬಾಯಿಪಾಠ ಮಾಡಿಟ್ಟುಕೊಂಡಿದ್ದಳು. ಸೊಸೆಗೂ ಹೇಳಿಕೊಡಬೇಕೆಂದಿದ್ದಳು, ಆದರೆ ಅವಳೊಂದಿಗೆ ಮಾತು ನಿಂತು ದಿನಗಳಾಗಿದ್ದವು.

ಮೇಡಂ ಎರಡೂ ಒಲೆ ಮುಟ್ಟಿ ನೋಡಿದಳು. ಎರಡೂ ಬಿಸಿಯಾಗಿದ್ದವು. ಡಬ್ಬಿಗಳ ಮುಚ್ಚಳ ತೆಗೆದಳು, ಕೊಡ ಬಗ್ಗಿಸಿದಳು. ಆಮೇಲೆ ಪರದೆ ಸರಿಸಿ ಸೊಸೆಯ ಎದುರು ನಿಂತಳು.

"ಇವರು ನಿಮ್ಮ ಅತ್ತೆನಾ?"

"ಹೌದು."

"ಬೇರೆ ಸಂಸಾರನಾ?"

"ಬೇರೆ."

"ನಿನ್ನೆ ಅವರ ಮನೇಲಿ ಏನು ಅಡುಗೆ?"

"ಗೊತ್ತಿಲ್ಲ."

"ಪರದೆ ಆಚೆ ಮಾಡಿದ್ದು ಗೊತ್ತಾಗಲ್ವಾ?"

"ಕೇಳಲ್ಲ ಮೇಡಂ. ಅವರೂ ಕೇಳಲ್ಲ. ಅವರ ಒಲೆಯಿಂದ ನಾವು ಒಂದು ಲೋಟ ನೀರೂ ತಗೊಳಲ್ಲ."

ಮೊಟ್ಟೆಯಮ್ಮ ಸೊಸೆಯ ಮುಖವನ್ನೇ ನೋಡುತ್ತಿದ್ದಳು. ಎಷ್ಟು ಚೆನ್ನಾಗಿ ಹೇಳುತ್ತಿದ್ದಾಳೆ ಎಂದು ಮೊದಲು ಅನ್ನಿಸಿತು. ಸೊಸೆ ಒಮ್ಮೆಯೂ ಇವಳ ಕಡೆಗೆ ಕಣ್ಣು ಹಾಯಿಸಲಿಲ್ಲ. ಮಗ ನೆಲ ನೋಡುತ್ತಿದ್ದ.

ಮೇಡಂ ಹೊಸ್ತಿಲಲ್ಲಿ ನಿಂತು ಸಹಿ ಹಾಕಿದಳು. "ಎಷ್ಟೋ ಮನೆ ನೋಡಿದೀನಿ," ಎಂದಳು ಮೊಟ್ಟೆಯಮ್ಮನಿಗೆ. "ಸುಳ್ಳು ಹೇಳೋರು ನಾನು ಬಂದ ತಕ್ಷಣ ಜಗಳ ಆಡಿ ತೋರಿಸ್ತಾರೆ. ಪಾತ್ರೆ ಎಸೀತಾರೆ, ಬಾಯಿಗೆ ಬಂದ ಹಾಗೆ ಬೈತಾರೆ. ನಿಮ್ಮನೇಲಿ ಸದ್ದೇ ಇಲ್ಲ. ನಿಜವಾಗ್ಲೂ ಬೇರೆ ಆದೋರು ಹೀಗೇ ಇರ್ತಾರೆ. ಇನ್ನೆರಡು ದಿನ ಬಿಟ್ಟು ಬಂದು ಕಾರ್ಡು ತಗೊಳ್ಳಿ."

ಎರಡು ದಿನ ಬಿಟ್ಟು ಅವಳು ಕಚೇರಿಗೆ ಹೋಗಿ ಯಂತ್ರಕ್ಕೆ ಕಣ್ಣು ತೋರಿಸಿದಳು. ನೀಲಿ ಪಟ್ಟಿ ಕೊರಳಿಗೆ ಹಾಕಿಕೊಂಡೇ ಬೀದಿಯಲ್ಲಿ ನಡೆದು ಬಂದಳು. ದಾರಿಯಲ್ಲಿ ಹಣ್ಣಿನವನಿಗೂ ತೋರಿಸಿದಳು. ಮನೆಗೆ ಬಂದಾಗ ಗಾಡಿ ಆಗಲೇ ಬಾಗಿಲಲ್ಲಿತ್ತು. ಒಳಗಿನ ಸ್ಟವ್ ಉರಿಯುತ್ತಿತ್ತು.

"ಬಂತು ಕಾರ್ಡು," ಎಂದಳು ಎಲ್ಲರಿಗೂ ಕೇಳುವ ಹಾಗೆ. "ಇನ್ನು ಈ ಒಲೆ ತೆಗೀಬಹುದು. ಇವತ್ತು ಒಟ್ಟಿಗೆ ಉಂಡ್ರಾಯ್ತು."

ಅವಳೇ ಹೋಗಿ ಪರದೆಯ ಅಂಚನ್ನು ಹಿಡಿದು ಪಕ್ಕಕ್ಕೆ ಎಳೆದಳು. ಸೊಸೆ ಮೂರು ತಟ್ಟೆ ಹಾಕುತ್ತಿದ್ದಳು. ಎದ್ದು ಬಂದು, ಪರದೆಯ ಇನ್ನೊಂದು ಅಂಚನ್ನು ಹಿಡಿದುಕೊಂಡಳು.

"ಪುಟ್ಟಿ ಓದ್ತಿದಾಳೆ," ಎಂದಳು. "ಪರದೆ ಬಿಡಿ ಅತ್ತೆ."

"ತನಿಖೆ ಮುಗೀತಲ್ಲೇ."

"ಗೊತ್ತು."

ಮಗ ಒಳಗಿನಿಂದ, "ಅಮ್ಮ..." ಎಂದು ಏನೋ ಹೇಳಹೊರಟು, ಹೆಂಡತಿಯ ಬೆನ್ನು ನೋಡಿ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಮೊಟ್ಟೆಯಮ್ಮ ಪರದೆ ಬಿಟ್ಟಳು. ಅದು ತನ್ನಷ್ಟಕ್ಕೆ ತಾನು ಸರಿಯಾಗಿ ಮುಚ್ಚಿಕೊಂಡಿತು.

ಗಂಡ ಗೋಡೆಗೆ ಒರಗಿ ಖಾಲಿ ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ. "ಏನು ಅಡುಗೆ?" ಎಂದ.

ಅವಳು ಕಾರ್ಡನ್ನು ಕೊರಳಿನಿಂದ ತೆಗೆಯದೆ ಒಲೆ ಹಚ್ಚಿದಳು.